ಕೊನೆಯ ಸಾಲಿಗೂ ಮುಟ್ಟಲಿ ದನಿ

ಒಂದು ಮೈಕ್, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಜೊತೆಗೆ ಇನ್ನೆರಡು ಭೋಂಗಾ, ಅಂದರೆ ತುತ್ತೂರಿ ಬಾಯಿಯ ಸ್ಪೀಕರ್. ಗಡಿಯ ಹಳ್ಳಿಗಳ ಸಭೆ, ಸಪ್ತಾಹ, ಜಾತ್ರೆಗಳೆಲ್ಲ ನಡೆಯುವುದು ಇಷ್ಟರ ಮೇಲೆಯೇ. ಹೆಚ್ಚುವರಿ ಸ್ಪೀಕರ್ ಜೋಡಿಸುವುದಕ್ಕೂ ಒಂದು ಲೆಕ್ಕವಿದೆ. ಆ ಲೆಕ್ಕ ಊರಿನವರಿಗೆ ಗೊತ್ತಿರಬೇಕು.

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾಗಲ್ ಬಿಟ್ಟು, ದೂಧಗಂಗೆ ದಾಟಿ ಈಚೆ ಬಂದರೆ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ. ಉತ್ತರದಿಂದ ಬರುವವರಿಗೆ ಕರ್ನಾಟಕದ ಮೊದಲ ಟೋಲ್ ನಾಕಾ ಇಲ್ಲಿಯೇ. ಹಗಲೂ ರಾತ್ರಿ ಲಾರಿಗಳ ಸಾಲು, ಹಂಗಾಮು ಬಂದರೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು. ಆ ಸದ್ದಿನ ನಡುವೆಯೇ ಈ ಭಾಗದ ಊರುಗಳು ತಮ್ಮ ಮಾತು ಆಡಬೇಕು, ಹಾಡು ಹಾಡಬೇಕು. ಹರಿನಾಮ ಸಪ್ತಾಹ, ಜ್ಞಾನೇಶ್ವರಿ ಪಾರಾಯಣ, ಬಸವ ಜಯಂತಿ, ಶಿವ ಜಯಂತಿ, ಗಣೇಶೋತ್ಸವ, ಕುಸ್ತಿ ಮೈದಾನ, ಸಹಕಾರಿ ಸಂಘದ ವಾರ್ಷಿಕ ಸಭೆ, ಶಾಲೆಯ ಧ್ವಜವಂದನೆ – ಮೈಕ್ ಸೆಟ್ ಇಲ್ಲದೆ ಯಾವುದೂ ನಡೆಯುವುದಿಲ್ಲ.

ಕಾರ್ಯಕ್ರಮ ಶುರುವಾಗಿ ಹತ್ತು ನಿಮಿಷ ಆಗಿರುವುದಿಲ್ಲ, ಹಿಂದಿನಿಂದ ಯಾರೋ ಒಬ್ಬರು ಕೈ ಎತ್ತುತ್ತಾರೆ: ‘ಅಣ್ಣಾ, ಇಲ್ಲಿ ಏನೂ ಕೇಳವಲ್ದು. ಇನ್ನೊಂದ ಭೋಂಗಾ ಹಚ್ಚರಿ.’ ಅಲ್ಲಿಂದ ಓಡಾಟ. ಸಿಕ್ಕ ವಯರು, ಪಕ್ಕದ ಮಂಡಳದವರ ಸ್ಪೀಕರು, ಹಲ್ಲಿನಿಂದ ಸುಲಿದ ತಂತಿ, ಟೇಪು. ಒಮ್ಮೊಮ್ಮೆ ದನಿ ಬರುತ್ತದೆ. ಒಮ್ಮೊಮ್ಮೆ ಇದ್ದ ದನಿಯೂ ಹೋಗಿ ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಆಗ ‘ಮಾಲು ಡುಪ್ಲಿಕೇಟ್ ಐತಿ’ ಎಂದು ಪೆಟ್ಟಿಗೆಯನ್ನು ಬೈಯುತ್ತೇವೆ. ಬಹಳ ಸಲ ತಪ್ಪು ಪೆಟ್ಟಿಗೆಯದಲ್ಲ, ಜೋಡಣೆಯದು.

ಒಂದು ಕೊರಳು, ಸಾವಿರ ಕಿವಿ

ಈ ನೆಲಕ್ಕೆ ಜನ ಸೇರಿ ಕೇಳುವ ರೂಢಿ ಹಳೆಯದು. ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆಟ. ಪಾತ್ರಧಾರಿ ಹಾಡಿದ ಸೊಲ್ಲನ್ನು ಹಿಂದೆ ನಿಂತ ಮೇಳದವರು ಎತ್ತಿ ಹಾಡುತ್ತಿದ್ದರು. ಮೈಕ್ ಇಲ್ಲದ ಕಾಲದಲ್ಲಿ ಮಾತು ದೂರಕ್ಕೆ ಹೋಗಲು ಅದೂ ಒಂದು ದಾರಿಯಾಗಿತ್ತು. ಕೊಗನೊಳ್ಳಿಗೆ ಸಮೀಪದ ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ, ಗೋವಾದಿಂದ ಭಕ್ತರು ಬರುತ್ತಾರೆ. ಮಳೆ, ಬೆಳೆ, ದೇಶದ ಭವಿಷ್ಯ ನುಡಿಯುವ ‘ಭಾಕಣೂಕ’ ಆ ಜಾತ್ರೆಯ ಜೀವ. ಅದನ್ನು ಕೇಳಲೆಂದೇ ಬಂದವನಿಗೆ ಒಂದು ಮಾತು ತಪ್ಪಿದರೂ ಜಾತ್ರೆಯ ಅರ್ಧ ತಪ್ಪಿದಂತೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿ ಅವರ ನೇತೃತ್ವದಲ್ಲಿ ನ್ಯಾಯವಾದ ಬೆಲೆ ಕೇಳಿ ಇದೇ ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಆ ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಬೀಡಿ ಕಟ್ಟುವ, ತಂಬಾಕು ಹಸನು ಮಾಡುವ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದ್ದೂ ಈ ಸೀಮೆಯಲ್ಲಿಯೇ. ಇಂಥ ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಮುಂದಿನವರಷ್ಟೇ ಹಕ್ಕು.

ಸಾವಿರಾರು ಜನಕ್ಕೆ ಒಬ್ಬನ ದನಿ ಮುಟ್ಟಿಸುವ ಯಂತ್ರಕ್ಕೆ ನೂರು ವರ್ಷ ದಾಟಿದೆ. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಸಭಾಭವನದ ಎದುರು ಸೇರಿದ್ದ ಜನಸಾಗರಕ್ಕೆ ತಮ್ಮ ‘ಮ್ಯಾಗ್ನವಾಕ್ಸ್’ ಧ್ವನಿವರ್ಧಕದಿಂದ ಹಾಡು, ಮಾತು ಕೇಳಿಸಿದರು. 1919ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೊದಲ್ಲಿ ಸುಮಾರು 50,000 ಜನರೆದುರು ಅದೇ ಯಂತ್ರದ ಮೂಲಕ ಮಾತನಾಡಿದರು. ನಮ್ಮಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆಗಳಿಗೆ ಮೋಟ್ವಾನೆ ಮನೆತನದ ‘ಷಿಕಾಗೊ ರೇಡಿಯೊ’ ಧ್ವನಿವರ್ಧಕ ಒದಗಿಸಿತು. ಗಾಂಧೀಜಿ, ನೆಹರೂ ಅವರ ಹಳೆಯ ಚಿತ್ರಗಳಲ್ಲಿ ಮೈಕ್ ಮೇಲೆ ಆ ಹೆಸರು ಇಂದಿಗೂ ಕಾಣುತ್ತದೆ. 1940ರಲ್ಲಿ ಶುರುವಾದ ಅಹುಜಾ ಕಂಪನಿಯ ಪೆಟ್ಟಿಗೆಗಳು ಮುಂದೆ ಹಳ್ಳಿಹಳ್ಳಿಯ ಮೈಕ್ ಸೆಟ್ ಅಂಗಡಿಗಳಿಗೆ ಬಂದವು. ಕರೆಂಟಿಗೂ ಓಡುವ, 12 ವೋಲ್ಟ್ ಬ್ಯಾಟರಿಗೂ ಓಡುವ ಆಂಪ್ಲಿಫೈಯರ್ ಜೀಪಿನ ಮೇಲೆ, ಎತ್ತಿನ ಗಾಡಿಯ ಮೇಲೆ ಊರೂರು ಸುತ್ತಿತು. ಈಗ ಚಕ್ರ ಇರುವ, ಕೈಯಲ್ಲಿ ಎಳೆದುಕೊಂಡು ಹೋಗುವ ಟ್ರಾಲಿ ಸ್ಪೀಕರ್ ಬಂದಿದೆ. ಪೆಟ್ಟಿಗೆ ಬದಲಾದರೂ ‘ಇನ್ನೊಂದು ಸ್ಪೀಕರ್ ಹಚ್ಚುವುದು ಹೇಗೆ’ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಜೋರು ಮಾಡಿದರೆ ಸಾಲದು

ಹಿಂದಿನವರಿಗೆ ಕೇಳಿಸದಿದ್ದಾಗ ನಾವು ಮೊದಲು ಮಾಡುವ ಕೆಲಸ ವಾಲ್ಯೂಮ್ ತಿರುಗಿಸುವುದು. ಇದು ಎಷ್ಟು ವ್ಯರ್ಥ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಎರಡರಷ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರಿನಲ್ಲಿ ಕುಳಿತವನಿಗೆ ಕೇಳುವ ದನಿ 8, 16, 32 ಮೀಟರು ದಾಟಿ 64 ಮೀಟರಿಗೆ ಬರುವಷ್ಟರಲ್ಲಿ 24 ಡೆಸಿಬಲ್ ಕುಗ್ಗಿರುತ್ತದೆ. ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಆ 24 ಡೆಸಿಬಲನ್ನು ಬರೀ ಜೋರಿನಿಂದ ತುಂಬಬೇಕಾದರೆ ಶಕ್ತಿ 250 ಪಟ್ಟು ಬೇಕು. ಅಂದರೆ 20 ವ್ಯಾಟಿನ ಕೆಲಸಕ್ಕೆ 5,000 ವ್ಯಾಟು. ಅಷ್ಟು ಕೊಟ್ಟರೆ ಮುಂದೆ ಕುಳಿತ ಮಕ್ಕಳು, ಮುದುಕರ ಕಿವಿಯ ಗತಿ ಏನು?

ಅದರ ಬದಲು 40 ಮೀಟರಿನ ಹತ್ತಿರ, ಹಿಂದಿನವರ ಸಮೀಪಕ್ಕೆ, ಇನ್ನೊಂದು 20 ವ್ಯಾಟಿನ ಸ್ಪೀಕರ್ ನಿಲ್ಲಿಸಿದರೆ ಜೋರಿನ ಸಮಸ್ಯೆ ತೀರಿತು (ಪ್ರತಿಧ್ವನಿ ತಪ್ಪಿಸುವ ಲೆಕ್ಕ ಮುಂದೆ ಇದೆ). ಮುಂದಿನವರಿಗೂ ಹಿತ, ಹಿಂದಿನವರಿಗೂ ಸ್ಪಷ್ಟ. ಮಾತು ಅರ್ಥವಾಗಬೇಕಾದರೆ ಅದು ಸುತ್ತಲಿನ ಸದ್ದಿಗಿಂತ ಹತ್ತು ಹದಿನೈದು ಡೆಸಿಬಲ್ ಮೇಲಿದ್ದರೆ ಸಾಕು. ಹೆಚ್ಚುವರಿ ಸ್ಪೀಕರಿನ ಕೆಲಸ ದನಿಯನ್ನು ಜನರ ಹತ್ತಿರಕ್ಕೆ ಒಯ್ಯುವುದು. ಇದೊಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದದ್ದು ಸರಳ.

ಓಮಿನ ಲೆಕ್ಕ

ಪ್ರತಿ ಸ್ಪೀಕರಿನ ಬೆನ್ನಿಗೆ ಎರಡು ಅಂಕಿ ಬರೆದಿರುತ್ತದೆ: ಎಷ್ಟು ವ್ಯಾಟ್, ಎಷ್ಟು ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ). ವ್ಯಾಟನ್ನು ಎಲ್ಲರೂ ಓದುತ್ತಾರೆ, ಓಮನ್ನು ಓದುವವರು ಕಡಿಮೆ. ಆಂಪ್ಲಿಫೈಯರನ್ನು ಉಳಿಸುವುದು ಅಥವಾ ಸುಡುವುದು ಆ ಎರಡನೆಯ ಅಂಕಿ. ಆಂಪ್ಲಿಫೈಯರಿನ ಹಿಂಭಾಗದಲ್ಲಿಯೂ ‘ಕನಿಷ್ಠ 4 ಓಮ್’ ಎಂದೋ ‘8 ಓಮ್’ ಎಂದೋ ಬರೆದಿರುತ್ತದೆ. ಅದಕ್ಕಿಂತ ಕಡಿಮೆ ಓಮಿನ ಭಾರ ಹೊರಿಸಬಾರದು.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಎರಡು ಸ್ಪೀಕರನ್ನು ಒಂದೇ ಜಾಗದಿಂದ ಎಳೆದರೆ ಅದು ಸಮಾಂತರ ಜೋಡಣೆ. ಒಂದೇ ಪಂಪಿಗೆ ಎರಡು ಪೈಪು ತೆರೆದಂತೆ, ಆಂಪ್ಲಿಫೈಯರಿನಿಂದ ಎರಡು ಪಟ್ಟು ಕರೆಂಟು ಹರಿಯುತ್ತದೆ. 8 ಓಮಿನ ಎರಡು ಸ್ಪೀಕರ್ ಸಮಾಂತರವಾದರೆ 4 ಓಮ್. ಮೂರು ಆದರೆ 2.7 ಓಮ್ ಆಸುಪಾಸು. ನಾಲ್ಕಾದರೆ 2 ಓಮ್. ಕನಿಷ್ಠ 4 ಓಮ್ ಎಂದು ಬರೆದ ಪೆಟ್ಟಿಗೆಗೆ ಎರಡು ಸ್ಪೀಕರ್ ಸರಿ, ಮೂರನೆಯದು ಅಪಾಯ. ಸ್ವಲ್ಪ ಹೊತ್ತು ನಡೆಯಬಹುದು. ಬಿಸಿಲಿನಲ್ಲಿ, ಗಾಳಿಯಾಡದ ಮೂಲೆಯಲ್ಲಿ, ಎರಡು ತಾಸು ಓಡಿದ ಮೇಲೆ ಟ್ರಾನ್ಸಿಸ್ಟರ್ ಕೈಕೊಡುತ್ತದೆ.

ಒಂದರ ಕಪ್ಪನ್ನು ಇನ್ನೊಂದರ ಕೆಂಪಿಗೆ ಸೇರಿಸಿ ಸಾಲಾಗಿ ಕಟ್ಟಿದರೆ ಸರಣಿ ಜೋಡಣೆ. ಇಲ್ಲಿ ಓಮ್ ಕೂಡುತ್ತದೆ: 8 ಮತ್ತು 8 ಸೇರಿ 16. ಆಂಪ್ಲಿಫೈಯರಿಗೆ ಭಾರ ಕಡಿಮೆ, ಆದರೆ ದನಿಯೂ ಕಡಿಮೆ. ಒಂದು ತಂತಿ ಕಿತ್ತರೆ ಎರಡೂ ಸ್ಪೀಕರ್ ಸುಮ್ಮನಾಗುತ್ತವೆ. 8 ಓಮಿನ ನಾಲ್ಕು ಸ್ಪೀಕರ್ ಇದ್ದರೆ ಪಳಗಿದವರು ಒಂದು ಉಪಾಯ ಮಾಡುತ್ತಾರೆ. ಎರಡೆರಡನ್ನು ಸರಣಿಯಾಗಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರ ಸೇರಿಸುತ್ತಾರೆ. ಲೆಕ್ಕ ಮತ್ತೆ 8 ಓಮಿಗೇ ಬರುತ್ತದೆ. ನಾಲ್ಕೂ ಒಂದೇ ಬಗೆಯ ಸ್ಪೀಕರ್ ಆಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. 4 ಓಮಿನದನ್ನೂ 8 ಓಮಿನದನ್ನೂ ಸಮಾಂತರ ಕಟ್ಟಿದರೆ 4 ಓಮಿನದು ಎರಡು ಪಟ್ಟು ಶಕ್ತಿ ಎಳೆದುಕೊಳ್ಳುತ್ತದೆ. ಎರಡರ ದನಿಯೂ ಸಮ ಇರುವುದಿಲ್ಲ.

ಕೆಂಪು–ಕಪ್ಪಿನ ಕ್ರಮವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಪಕ್ಕಪಕ್ಕದಲ್ಲಿರುವ ಎರಡು ಸ್ಪೀಕರಿನಲ್ಲಿ ಒಂದರ ತಂತಿ ತಿರುವುಮುರುವಾದರೆ ಒಂದರ ಪರದೆ ಮುಂದೆ ತಳ್ಳುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ದನಿ ಒಂದನ್ನೊಂದು ನುಂಗಿ ತೆಳ್ಳಗಾಗುತ್ತದೆ. ಗುರುತು ಅಳಿಸಿದ ಹಳೆಯ ಕೋನ್ ಸ್ಪೀಕರಿಗೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ಮುಟ್ಟಿಸಿ ನೋಡಿ. ಕಾಗದದ ಪರದೆ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಕೆಂಪು.

ದೂರಕ್ಕೆ ನೂರು ವೋಲ್ಟ್ ಲೈನ್

ಗುಡಿಯಿಂದ ಅಗಸಿಯವರೆಗೆ, ಶಾಲೆಯ ಮೈದಾನದ ಈ ತುದಿಯಿಂದ ಆ ತುದಿಗೆ ವಯರ್ ಎಳೆಯಬೇಕಾದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ವಯರೇ ಕಳ್ಳ. 0.5 ಚದರ ಮಿಲಿಮೀಟರಿನ ತೆಳು ತಾಮ್ರದ ವಯರನ್ನು 100 ಮೀಟರ್ ಎಳೆದರೆ ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 8 ಓಮ್ ಪ್ರತಿರೋಧ. ತುದಿಯಲ್ಲಿ 8 ಓಮಿನ ಸ್ಪೀಕರ್ ಇದ್ದರೆ ಅರ್ಧ ವೋಲ್ಟೇಜು ದಾರಿಯಲ್ಲಿಯೇ ಕಳೆದುಹೋಯಿತು. ಸ್ಪೀಕರಿಗೆ ಸಿಗಬೇಕಿದ್ದ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಮುಟ್ಟುತ್ತದೆ. 1.5 ಚದರ ಮಿಲಿಮೀಟರಿನ ದಪ್ಪ ವಯರ್ ಹಾಕಿದರೂ 100 ಮೀಟರಿಗೆ ಎರಡೂವರೆ ಓಮ್ ಆಗಿ, ಶಕ್ತಿ ಸುಮಾರು 40 ಪ್ರತಿಶತ ಇಳಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ಹಳೆಯ ಆಂಪ್ಲಿಫೈಯರುಗಳ ಬೆನ್ನಿನಲ್ಲಿಯೇ ಇದೆ. 4, 8, 16 ಓಮಿನ ತಿರುಪುಗಳ ಪಕ್ಕದಲ್ಲಿ 70 ವೋಲ್ಟ್, 100 ವೋಲ್ಟ್ ಎಂದು ಇನ್ನೆರಡು ಇರುತ್ತವೆ. ವಿದ್ಯುತ್ ಮಂಡಳಿ ದೂರದ ಊರಿಗೆ ಹೆಚ್ಚಿನ ವೋಲ್ಟೇಜಿನಲ್ಲಿ ಕರೆಂಟು ಕಳಿಸಿ, ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಇಳಿಸಿ ಮನೆಗೆ ಕೊಡುವ ತತ್ವವೇ ಇಲ್ಲಿಯೂ. ಆಂಪ್ಲಿಫೈಯರ್ ದನಿಯನ್ನು 100 ವೋಲ್ಟಿಗೆ ಏರಿಸಿ ಕಳಿಸುತ್ತದೆ. ಪ್ರತಿ ಸ್ಪೀಕರಿನ ಬಳಿ ಒಂದು ಚಿಕ್ಕ ಲೈನ್ ಟ್ರಾನ್ಸ್‌ಫಾರ್ಮರ್ ಕೂತು ಅದನ್ನು ಇಳಿಸಿ ಸ್ಪೀಕರಿಗೆ ಕೊಡುತ್ತದೆ. ವಯರಿನಲ್ಲಿ ಹರಿಯುವ ಕರೆಂಟು ಕಡಿಮೆ, ಆದ್ದರಿಂದ ಸೋರಿಕೆಯೂ ಕಡಿಮೆ.

ಇಲ್ಲಿ ಓಮಿನ ತಲೆನೋವಿಲ್ಲ, ವ್ಯಾಟ್ ಕೂಡಿಸಿದರಾಯಿತು. 120 ವ್ಯಾಟಿನ ಆಂಪ್ಲಿಫೈಯರಿಗೆ 20 ವ್ಯಾಟಿನ ನಾಲ್ಕು ಭೋಂಗಾ ಕಟ್ಟಿದರೆ 80 ವ್ಯಾಟ್. ಐದನೆಯದಕ್ಕೆ ಆಸೆಪಡದೆ ಕನಿಷ್ಠ ಐದರಲ್ಲೊಂದು ಪಾಲು ಶಕ್ತಿ ಉಳಿಸಿಕೊಳ್ಳುವುದು ಜಾಣತನ. ಎಲ್ಲವನ್ನೂ ಸಮಾಂತರವಾಗಿಯೇ ಕಟ್ಟಬೇಕು. 20 ವ್ಯಾಟಿನ ಒಂದು ಭೋಂಗಾ 100 ವೋಲ್ಟ್ ಲೈನಿಗೆ 500 ಓಮಿನಂತೆ ಕಾಣುತ್ತದೆ, ನಾಲ್ಕು ಸೇರಿದರೆ 125 ಓಮ್. ಅದರ ಮುಂದೆ ವಯರಿನ ಎರಡೂವರೆ ಓಮ್ ಲೆಕ್ಕಕ್ಕೇ ಇಲ್ಲ. ಮೊದಲಿನ 40 ಪ್ರತಿಶತ ನಷ್ಟ ಈಗ ಸುಮಾರು 4ಕ್ಕೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ 5, 10, 20 ವ್ಯಾಟ್ ಎಂದು ಬೇರೆಬೇರೆ ತಿರುಪುಗಳಿದ್ದರೆ ಮನೆಗಳ ಹತ್ತಿರದ ಭೋಂಗಾವನ್ನು 5ಕ್ಕೂ ಬಯಲಿನದನ್ನು 20ಕ್ಕೂ ಇಡಬಹುದು. ಒಂದೇ ಪೆಟ್ಟಿಗೆಯಿಂದ ಪ್ರತಿ ಓಣಿಗೂ ಬೇಕಾದಷ್ಟೇ ದನಿ.

ಕೆಲವು ಎಚ್ಚರಿಕೆಗಳು. ಟ್ರಾನ್ಸ್‌ಫಾರ್ಮರ್ ಇಲ್ಲದ ಬರೀ 8 ಓಮಿನ ಸ್ಪೀಕರನ್ನು 100 ವೋಲ್ಟಿನ ತಿರುಪಿಗೆ ಕಟ್ಟಬಾರದು. ಒಂದೇ ಆಂಪ್ಲಿಫೈಯರಿನಲ್ಲಿ 8 ಓಮಿನ ತಿರುಪಿಗೆ ಒಂದಷ್ಟು, 100 ವೋಲ್ಟಿಗೆ ಒಂದಷ್ಟು ಎಂದು ಒಟ್ಟೊಟ್ಟಿಗೆ ಹೊರಿಸಬಾರದು. 100 ವೋಲ್ಟ್ ಲೈನ್ ಕೈಗೆ ಶಾಕ್ ಹೊಡೆಯುವಂಥದ್ದು, ಮನೆಯ ಕರೆಂಟಿನಷ್ಟೇ ಎಚ್ಚರದಿಂದ ಅದರ ಗಂಟುಗಳನ್ನು ಟೇಪಿನಿಂದ ಮುಚ್ಚಬೇಕು. ಹೆಸ್ಕಾಂ ಕಂಬಕ್ಕೆ ಭೋಂಗಾ ಕಟ್ಟುವುದು, ವಿದ್ಯುತ್ ತಂತಿಯ ಅಡಿಯಲ್ಲಿ ಕಬ್ಬಿಣದ ಪೈಪ್ ನಿಲ್ಲಿಸುವುದು ಯಾವ ಕಾರಣಕ್ಕೂ ಬೇಡ.

ಟ್ರಾಲಿ ಸ್ಪೀಕರಿನ ಕಥೆ

ಈಗ ಭಜನಾ ಮಂಡಳಿಗಳು, ಶಾಲೆಗಳು, ಸ್ವಸಹಾಯ ಸಂಘಗಳು ಕೊಳ್ಳುತ್ತಿರುವುದು ಬ್ಯಾಟರಿಯ ಟ್ರಾಲಿ ಸ್ಪೀಕರ್. ಒಳಗೇ ಆಂಪ್ಲಿಫೈಯರ್, ಒಳಗೇ ಬ್ಯಾಟರಿ, ಎರಡು ಕಾರ್ಡ್‌ಲೆಸ್ ಮೈಕ್. ನೂರು ಜನರ ಸಭೆಗೆ ಸಾಕು. ಮುನ್ನೂರು ಜನ ಬಂದಾಗ ಕಷ್ಟ.

ಅದರ ಹಿಂಭಾಗದ ತೂತುಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ‘ಲೈನ್ ಔಟ್’ ಎಂದಿದ್ದರೆ ಅಲ್ಲಿ ಬರುವುದು ಒಂದು ವೋಲ್ಟಿನ ಆಸುಪಾಸಿನ ಸೂಕ್ಷ್ಮ ಸಂಕೇತ. ಅದು ಸ್ಪೀಕರನ್ನು ನೇರವಾಗಿ ನುಡಿಸಲಾರದು, ಇನ್ನೊಂದು ಟ್ರಾಲಿ ಸ್ಪೀಕರಿನ ‘ಲೈನ್ ಇನ್’ಗೆ ಕೊಟ್ಟರೆ ಎರಡೂ ಒಟ್ಟಿಗೆ ನುಡಿಯುತ್ತವೆ. ‘ಸ್ಪೀಕರ್ ಔಟ್’ ಎಂದಿದ್ದರೆ ಅಲ್ಲಿ ಬರುವುದು ಶಕ್ತಿಯುಳ್ಳ ದನಿ. ಅದಕ್ಕೆ ಆಂಪ್ಲಿಫೈಯರ್ ಇಲ್ಲದ ಬರೀ ಸ್ಪೀಕರ್ ಡಬ್ಬಿಯನ್ನು, ಬರೆದಷ್ಟೇ ಓಮಿನದನ್ನು ಕಟ್ಟಬೇಕು. ಈ ಎರಡನ್ನು ಅದಲುಬದಲು ಮಾಡಿ ಸ್ಪೀಕರ್ ಔಟನ್ನು ಇನ್ನೊಂದು ಪೆಟ್ಟಿಗೆಯ ಲೈನ್ ಇನ್‌ಗೆ ತುರುಕಿದರೆ ಆ ಪೆಟ್ಟಿಗೆ ಹಾಳಾಗಬಹುದು.

ಎರಡೂ ತೂತು ಇಲ್ಲದಿದ್ದರೆ? ಡಬ್ಬಿ ಬಿಚ್ಚಿ ಒಳಗಿನ ಸ್ಪೀಕರ್ ತಂತಿಗೇ ಗಂಟು ಹಾಕುವ ಸಾಹಸ ಬೇಡ. ಇಂಥ ಸಣ್ಣ ಆಂಪ್ಲಿಫೈಯರುಗಳಲ್ಲಿ ಎಷ್ಟೋ ಸಲ ಸ್ಪೀಕರಿನ ಎರಡೂ ತಂತಿಗಳಲ್ಲಿ ದನಿ ಹರಿಯುತ್ತಿರುತ್ತದೆ, ಕಪ್ಪು ತಂತಿ ‘ಅರ್ಥ್’ ಆಗಿರುವುದಿಲ್ಲ. ಅದನ್ನು ಬೇರೆ ಪೆಟ್ಟಿಗೆಯ ಅರ್ಥಿಗೆ ಮುಟ್ಟಿಸಿದರೆ ಆ ಕ್ಷಣವೇ ಚಿಪ್ ಹೋಗುತ್ತದೆ. ಅದರ ಬದಲು ಒಂದು ಸಣ್ಣ ಮಿಕ್ಸರ್ ತಂದು ಮೈಕನ್ನು ಅದಕ್ಕೆ ಕೊಡಿ. ಮಿಕ್ಸರಿನಿಂದ ಹೊರಡುವ ಎರಡು ತಂತಿಗಳನ್ನು ಎರಡು ಟ್ರಾಲಿ ಸ್ಪೀಕರಿಗೆ ಕೊಟ್ಟರೆ ಅಪಾಯವಿಲ್ಲದ ಜೋಡಣೆ. ಬ್ಲೂಟೂತ್‌ನಲ್ಲಿ ಎರಡು ಪೆಟ್ಟಿಗೆ ಜೋಡಿಸುವ ಸೌಲಭ್ಯ ಹಾಡಿಗೆ ಆದೀತು. ಎದುರು ನಿಂತು ಮಾತಾಡುವವನ ದನಿಗೆ ಅದು ತಡಮಾಡುತ್ತದೆ, ತುಟಿ ಮತ್ತು ಮಾತು ಬೇರೆಬೇರೆ ಆಗುತ್ತವೆ. ಮಾತಿಗೆ ವಯರೇ ಒಳ್ಳೆಯದು.

ಡಬ್ಬಿಯ ಮೇಲೆ ಅಚ್ಚಾದ ಸಾವಿರಾರು ವ್ಯಾಟಿನ ಅಂಕಿಗೂ ಮರುಳಾಗಬಾರದು. ನೋಡಬೇಕಾದದ್ದು ‘ಆರ್‌ಎಂಎಸ್’ ಎಂದು ಬರೆದ, ನಿರಂತರವಾಗಿ ಕೊಡಬಲ್ಲ ವ್ಯಾಟ್. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದೆ 12 ವೋಲ್ಟ್ ಬ್ಯಾಟರಿಯಿಂದ ನೇರ ಓಡುವ ಆಂಪ್ಲಿಫೈಯರ್ 4 ಓಮಿನ ಸ್ಪೀಕರಿಗೆ 18 ವ್ಯಾಟಿಗಿಂತ ಹೆಚ್ಚು ಶುದ್ಧ ದನಿ ಕೊಡಲಾರದು. ಬ್ಯಾಟರಿಯ ಲೆಕ್ಕವೂ ಅಷ್ಟೇ ನೇರ. 12 ವೋಲ್ಟ್, 7 ಆಂಪಿಯರ್ ಅವರ್ ಅಂದರೆ 84 ವ್ಯಾಟ್ ಅವರ್ ಶಕ್ತಿ. ಸ್ಪೀಕರ್ ಹೆಚ್ಚಿಸಿದಷ್ಟೂ ಅದು ಬೇಗ ಖಾಲಿಯಾಗುತ್ತದೆ.

ಎಲ್ಲಿ ನಿಲ್ಲಿಸಬೇಕು

ಜೋಡಣೆ ಸರಿಯಾಗಿದ್ದರೂ ಜಾಗ ತಪ್ಪಿದರೆ ಮಾತು ಕಲಸಿಹೋಗುತ್ತದೆ. ವಯರಿನಲ್ಲಿ ದನಿ ಕ್ಷಣದಲ್ಲಿ ಓಡುತ್ತದೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. 34 ಮೀಟರ್ ಹಿಂದೆ ಇಟ್ಟ ಸ್ಪೀಕರಿನ ಬಳಿ ಕುಳಿತವನಿಗೆ ಮೊದಲು ಹತ್ತಿರದ ಸ್ಪೀಕರ್ ಕೇಳಿ, ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದ ಮೇಲೆ ವೇದಿಕೆಯ ದನಿ ಬರುತ್ತದೆ. ಎರಡನೆಯದೂ ಜೋರಾಗಿದ್ದರೆ ಒಂದೇ ಮಾತು ಎರಡು ಸಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಎರಡು ದನಿಗಳ ನಡುವೆ 30 ಮಿಲಿಸೆಕೆಂಡಿನವರೆಗಿನ ಅಂತರವನ್ನು ಕಿವಿ ಒಂದೇ ದನಿಯಾಗಿ ಸ್ವೀಕರಿಸುತ್ತದೆ. 50 ಮಿಲಿಸೆಕೆಂಡ್, ಅಂದರೆ 17 ಮೀಟರ್ ದಾಟಿದರೆ ಪ್ರತಿಧ್ವನಿ ಕಾಡತೊಡಗುತ್ತದೆ.

ಆದ್ದರಿಂದ ದೂರದೂರ ಎರಡು ದೊಡ್ಡ ಭೋಂಗಾ ಇಡುವುದಕ್ಕಿಂತ ಹತ್ತು ಹದಿನೈದು ಮೀಟರಿಗೊಂದು ಚಿಕ್ಕ ಸ್ಪೀಕರ್ ಇಟ್ಟು ದನಿ ತಗ್ಗಿಸುವುದು ಲೇಸು. ಎಲ್ಲವೂ ವೇದಿಕೆಗೆ ಬೆನ್ನು ಮಾಡಿ, ಜನರತ್ತ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಎದುರುಬದುರು ಇಟ್ಟರೆ ನಡುವೆ ಕುಳಿತವರಿಗೆ ಏನೂ ತಿಳಿಯದು. ಡಿಜಿಟಲ್ ಮಿಕ್ಸರ್ ಇದ್ದರೆ ಹಿಂದಿನ ಸ್ಪೀಕರಿಗೆ ಮೀಟರಿಗೆ 3 ಮಿಲಿಸೆಕೆಂಡಿನ ಲೆಕ್ಕದಲ್ಲಿ ತಡ ಕೊಡಬಹುದು. ಮೈಕ್ ಯಾವಾಗಲೂ ಸ್ಪೀಕರುಗಳ ಹಿಂದೆ ಇರಲಿ. ಮುಂದೆ ಬಂದರೆ ಕೂಯ್ ಎಂಬ ಕೂಗು ಶುರು. ಭಜನೆಯಲ್ಲಿ ನಾಲ್ಕು ಮೈಕ್ ತೆರೆದಿಟ್ಟರೆ ಆ ಕೂಗು ಇನ್ನೂ ಬೇಗ ಬರುತ್ತದೆ. ಹಾಡದವರ ಮೈಕ್ ಮುಚ್ಚುವುದೇ ಮದ್ದು.

ಭೋಂಗಾ ಹುಟ್ಟಿದ್ದು ಮಾತಿಗಾಗಿ. ಪಖವಾಜಿನ, ಡೊಳ್ಳಿನ ತಗ್ಗು ದನಿಯನ್ನು ಅದಕ್ಕೆ ತುಂಬಿದರೆ ಅದರ ಯೂನಿಟ್ಟಿನ ತೆಳು ಪರದೆ ಹರಿಯುತ್ತದೆ. ಕೀರ್ತನಕ್ಕೆ, ಹಾಡಿಗೆ ಕಾಲಮ್ ಸ್ಪೀಕರ್ ಅಥವಾ ಡಬ್ಬಿ ಸ್ಪೀಕರ್ ಬೇಕು.

ನೀರು ಏರುವ ದಿನ

ಈ ತಿಳಿವಳಿಕೆಗೆ ಜೀವ ಉಳಿಸುವ ಬೆಲೆಯೂ ಇದೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ದೂಧಗಂಗಾ, ವೇದಗಂಗಾ, ಕೃಷ್ಣಾ ಮೂರೂ ಏರುತ್ತವೆ. ಕಲ್ಲೋಳ–ಯಡೂರಿನಂಥ ತಗ್ಗು ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಆ ವರ್ಷವೂ 2021ರ ಜುಲೈನಲ್ಲಿಯೂ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯ ಮೇಲೆಯೇ ಹರಿದು ಸಂಚಾರ ನಿಂತಿತು.

ಅಂಥ ರಾತ್ರಿ ಕರೆಂಟು ಇರುವುದಿಲ್ಲ, ಮೊಬೈಲ್ ಚಾರ್ಜ್ ಮುಗಿದಿರುತ್ತದೆ. ‘ದನಕರು ಬಿಚ್ಚಿಕೊಂಡು ಕಾಳಜಿ ಕೇಂದ್ರಕ್ಕೆ ನಡೀರಿ’ ಎಂಬ ಮಾತು ತಗ್ಗಿನ ಓಣಿಯ ಕೊನೆಯ ಮನೆಗೆ ಮುಟ್ಟಬೇಕಾದರೆ ವಾಹನದ ಬ್ಯಾಟರಿಗೆ ಓಡುವ ಆಂಪ್ಲಿಫೈಯರ್ ಮತ್ತು ಎರಡು ಭೋಂಗಾ ಬೇಕು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಗಾಡಿ ಓಡಿಸುತ್ತ ಕೂಗಿದರೆ ಅರ್ಧ ವಾಕ್ಯ ಒಂದು ಮನೆಗೆ, ಇನ್ನರ್ಧ ಮುಂದಿನ ಮನೆಗೆ. ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಸಾವಕಾಶವಾಗಿ, ಎರಡೆರಡು ಸಲ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಳಬೇಕು. ಮಳೆಗಾಲಕ್ಕೆ ಮುಂಚೆ ಈ ಸೆಟ್ ನುಡಿಸಿ ನೋಡಿರಬೇಕು. ನೀರು ಬಂದ ದಿನ ವಯರ್ ಹುಡುಕಲು ಸಮಯ ಇರುವುದಿಲ್ಲ.

ಡಾಲ್ಬಿಯ ಗೋಡೆ

ಸ್ಪೀಕರ್ ಹೆಚ್ಚಿಸುವ ಮಾತು ಬಂದಾಗ ಡಾಲ್ಬಿಯ ಮಾತು ಬರಲೇಬೇಕು. ಕೊಲ್ಹಾಪುರದಿಂದ ಬೆಳಗಾವಿಯವರೆಗೆ ಮೆರವಣಿಗೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಗೋಡೆ ಕಟ್ಟಿದಂತೆ ಸ್ಪೀಕರ್ ಪೇರಿಸಿ ಎದೆ ನಡುಗಿಸುವ ಆ ವ್ಯವಸ್ಥೆಗೆ ನನ್ನ ವಿರೋಧ ಸ್ಪಷ್ಟ. ಅಲ್ಲಿ ದನಿ ಯಾರಿಗೂ ಹತ್ತಿರವಾಗುವುದಿಲ್ಲ, ಎಲ್ಲರ ಮೇಲೆ ಬೀಳುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳಬಾರದು, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಾನದಂಡ. ಆ ಲೆಕ್ಕದಲ್ಲಿ 100 ಡೆಸಿಬಲ್ ಸದ್ದಿಗೆ ಸುರಕ್ಷಿತ ಅವಧಿ 15 ನಿಮಿಷ. ಮೆರವಣಿಗೆ ನಡೆಯುವುದು ತಾಸುಗಟ್ಟಲೆ.

ಕಾನೂನೂ ಸ್ಪಷ್ಟವಾಗಿಯೇ ಇದೆ. ಶಬ್ದ ಮಾಲಿನ್ಯ ನಿಯಮಗಳು 2000ರಿಂದ ಜಾರಿಯಲ್ಲಿವೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಸಾರ್ವಜನಿಕ ತುರ್ತು ಸ್ಥಿತಿ ಬಿಟ್ಟರೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಸುಪ್ರೀಂ ಕೋರ್ಟ್ 2005ರ ಜುಲೈ ತೀರ್ಪಿನಲ್ಲಿ ರಾತ್ರಿಯ ನಿಷೇಧವನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಚಿಕ್ಕ ಸ್ಪೀಕರುಗಳನ್ನು ಜನರ ನಡುವೆ ಹಂಚಿಟ್ಟು ತಗ್ಗಿದ ದನಿಯಲ್ಲಿ ನುಡಿಸಿದರೆ ಈ ಮಿತಿಯನ್ನು ಪಾಲಿಸುವುದೂ ಸುಲಭ. ಸಭೆಯೊಳಗೆ ಮಾತು ಚೆನ್ನಾಗಿ ಕೇಳುತ್ತದೆ, ಪಕ್ಕದ ಓಣಿಯಲ್ಲಿ ಓದುವ ಮಗುವಿಗೆ ತೊಂದರೆ ಇಲ್ಲ.

ಪಂಚಾಯಿತಿಗಳು ಮಾಡಬೇಕಾದದ್ದು

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಎನ್ನುತ್ತದೆ 1993ರ ಪಂಚಾಯತ್ ರಾಜ್ ಕಾಯ್ದೆ. ಆ ಸಭೆಗಳಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಿಂದೆ, ಬದಿಯಲ್ಲಿ ಕುಳಿತುಕೊಳ್ಳುತ್ತಾರೆ. ಮನೆ ಯಾರಿಗೆ ಬಂತು, ಕೆಲಸ ಯಾವ ಓಣಿಗೆ ಹೋಯಿತು ಎಂದು ಓದುವ ಪಟ್ಟಿ ಅವರಿಗೆ ಕೇಳಿಸದಿದ್ದರೆ ಅವರು ಸಭೆಗೆ ಬಂದೂ ಬರದಂತೆಯೇ. ಕೇಳಿಸದವರು ಪ್ರಶ್ನೆ ಕೇಳಲಾರರು.

ಆದ್ದರಿಂದ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಪ್ರತಿ ಗ್ರಾಮ ಪಂಚಾಯಿತಿಗೂ ನನ್ನ ಮನವಿ ಇಷ್ಟು. ಬ್ಯಾಟರಿಗೂ ಓಡುವ, 100 ವೋಲ್ಟ್ ಲೈನ್ ಇರುವ ಒಂದು ಆಂಪ್ಲಿಫೈಯರ್, ಟ್ರಾನ್ಸ್‌ಫಾರ್ಮರ್ ಸಹಿತ ನಾಲ್ಕು ಸ್ಪೀಕರ್, 1.5 ಚದರ ಮಿಲಿಮೀಟರಿನ ನೂರು ಮೀಟರ್ ವಯರ್ ಊರಿನ ಆಸ್ತಿಯಾಗಿರಲಿ. ಐ.ಟಿ.ಐ. ಓದಿದ ಇಬ್ಬರು ಹುಡುಗ–ಹುಡುಗಿಯರಿಗೆ ಓಮು, ವ್ಯಾಟು, ವೋಲ್ಟಿನ ಈ ಲೆಕ್ಕ ಕಲಿಸಿ ಅದರ ಜವಾಬ್ದಾರಿ ಕೊಡಿ. ಸಭೆ ಶುರು ಮಾಡುವ ಮುನ್ನ ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಯನ್ನು ‘ಕೇಳತೈತೇನ್ರಿ?’ ಎಂದು ಕೇಳಿ. ಅವರು ಹೂಂ ಎಂದ ಮೇಲೆಯೇ ಮೊದಲ ಮಾತು ಆಡಿ.